ತಂತಿ ಮುಟ್ಟಿದರೆ ಹಮ್ ಜಾಸ್ತಿ, ಜ್ಯಾಕ್ ಪ್ಲೇಟ್ ಮುಟ್ಟಿದರೆ ಕಡಿಮೆ: ಗ್ರೌಂಡ್ ಎಲ್ಲಿ ಹೋಗಿದೆ?

ಪ್ರಶ್ನೆ:
ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರ್, ಮೂರೂ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಸಿಂಗಲ್ ಕಾಯಿಲ್. ಹಿಂಬದಿಯ ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ಗುಂಯ್ ಅನ್ನೋ ಸದ್ದು (ಹಮ್) ಶುರುವಾಗಿದೆ. ತಂತಿ ಮುಟ್ಟಿದರೆ ತುಸು ಏರುತ್ತೆ, ಜ್ಯಾಕ್ ಪ್ಲೇಟ್ (ಕೇಬಲ್ ಚುಚ್ಚುವ ಕಡೆಯ ಲೋಹದ ತಟ್ಟೆ) ಮುಟ್ಟಿದರೆ ಇಳಿಯುತ್ತೆ. ಕೇಬಲ್ ಬದಲಿಸಿದರೂ ಅಷ್ಟೇ. ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಹೋಗುತ್ತಾ?

ಉತ್ತರ 1:
ಟೇಪ್ ಆಮೇಲೆ. ಪ್ಲೇಟ್ ಮುಟ್ಟಿದಾಗ ಇಳಿಯುತ್ತೆ ಅಂದರೆ ಗ್ರೌಂಡ್ (ಆಂಪ್‌ನ ಅರ್ಥ್‌ಗೆ ಸೇರುವ ದಾರಿ) ಅಲ್ಲಿಯವರೆಗೆ ಚೆನ್ನಾಗಿದೆ. ನಮ್ಮ ಮೈ, ಸುತ್ತಲಿನ ಮನೆ ವೈರಿಂಗ್‌ನ ಗದ್ದಲ ಹಿಡಿದು ಪಿಕಪ್‌ಗೆ ದಾಟಿಸುತ್ತೆ. ತಂತಿ ಗ್ರೌಂಡಿಗೆ ಸೇರಿದ್ದರೆ ಮುಟ್ಟಿದ ಕೂಡಲೇ ಅದು ಅಡಗಬೇಕು. ನಿಮ್ಮದರಲ್ಲಿ ಆ ಕೊಂಡಿಯೇ ಕಳಚಿದಂತಿದೆ.

ಕೇಬಲ್ ಕಿತ್ತು, ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕವಿದ್ದರೆ ಬೀಪ್ ಕೊಡುವ ಸ್ಥಾನಕ್ಕೆ) ಇಟ್ಟು, ಒಂದು ಕಡ್ಡಿ ಜ್ಯಾಕ್‌ನ ಸ್ಲೀವ್‌ಗೆ (ಗ್ರೌಂಡ್ ಭಾಗಕ್ಕೆ), ಇನ್ನೊಂದು ಬ್ರಿಡ್ಜ್‌ಗೆ (ತಂತಿ ಕೂರುವ ಲೋಹದ ಭಾಗಕ್ಕೆ) ಹಿಡಿಯಿರಿ. ಬೀಪ್ ಬಂದು ಒಂದೆರಡು ಓಮ್‌ನೊಳಗೆ ತೋರಿಸಬೇಕು. ಬಾರದಿದ್ದರೆ ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್ ಸಿಕ್ಕಿಸಿರುವ ಕ್ಲಾ ನೋಡಿ. ಅದಕ್ಕೆ ಬೆಸೆದ ವೈರ್, ಸ್ಕ್ರೂ ತಿರುಗಿಸುವಾಗ ಜಗ್ಗಿ ಕಿತ್ತುಬಂದಿರುತ್ತೆ.

ಪ್ರಶ್ನೆ ಕೇಳಿದವರು:
ಹೌದು, ಬೀಪ್ ಇಲ್ಲ, ವೈರ್ ತೂಗಾಡ್ತಿದೆ. ಆದರೆ 25 ವ್ಯಾಟ್ ಸೋಲ್ಡರಿಂಗ್ ಐರನ್‌ನಲ್ಲಿ ಬೆಸುಗೆ ಸೀಸ ಗುಂಡಗೆ ಕೂತು ಉದುರಿಹೋಗ್ತಿದೆ.

ಉತ್ತರ 2:
ಕ್ಲಾ ದಪ್ಪ ಲೋಹ, ಬಿಸಿಯನ್ನೆಲ್ಲ ಎಳೆದುಬಿಡುತ್ತೆ. 60 ವ್ಯಾಟ್‌ಗಿಂತ ಕಡಿಮೆಯದರಲ್ಲಿ ಒದ್ದಾಡಬೇಡಿ, ಅಗಲ ಮೊನೆ ಹಾಕಿ. ಬೆಸೆಯುವ ಜಾಗವನ್ನು ಅರದಿಂದ ಹೊಳೆಯುವಷ್ಟು ಉಜ್ಜಿ, ಫ್ಲಕ್ಸ್ (ಸೀಸ ಅಂಟಲು ನೆರವಾಗುವ ಪೇಸ್ಟ್) ಹಚ್ಚಿ, ಮೊದಲು ಕ್ಲಾ ಮೇಲೆ ಸೀಸ ಹರಡಿ, ಆಮೇಲೆ ವೈರ್ ಕೂರಿಸಿ. ಐರನ್ ಇಲ್ಲವೇ? ವೈರ್ ತುದಿಗೆ ರಿಂಗ್ ಟರ್ಮಿನಲ್ (ಉಂಗುರದಂಥ ಲೋಹದ ತುದಿ) ಒತ್ತಿ, ಕ್ಲಾ ಸ್ಕ್ರೂವಿನ ತಲೆಯಡಿ ಸಿಕ್ಕಿಸಿ ಬಿಗಿ ಮಾಡಿ. ಅಂದ ಇರಲ್ಲ, ಕೆಲಸ ಪಕ್ಕಾ. ವೈರ್ ಸ್ವಲ್ಪ ಸಡಿಲವಾಗಿಯೇ ಬಿಡಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಇದೇ ಕಥೆ.

ಉತ್ತರ 3:
ಇಷ್ಟಾದ ಮೇಲೂ ಸಣ್ಣ ಹಮ್ ಉಳಿಯುತ್ತೆ, ಗಾಬರಿಯಾಗಬೇಡಿ. ಟ್ರಾನ್ಸ್‌ಫಾರ್ಮರ್‌ಗಳಿಂದ ಬರುವ 50 ಅಥವಾ 60 ಹರ್ಟ್ಸ್ ಕಾಂತಕ್ಷೇತ್ರವನ್ನು ಸಿಂಗಲ್ ಕಾಯಿಲ್ ಹಿಡಿದೇ ಹಿಡಿಯುತ್ತೆ, ತಾಮ್ರದ ಟೇಪ್ ಅದನ್ನು ತಡೆಯಲ್ಲ. ಆಂಪ್‌ನಿಂದ ದೂರ ಹೋಗಿ, ಗಿಟಾರ್ ಹಿಡಿದು ಮೆಲ್ಲಗೆ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಕುಗ್ಗಿದರೆ ಅದೇ ಇದು. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ 2 ಮತ್ತು 4ನೇ ಸ್ವಿಚ್ ಸ್ಥಾನಗಳಲ್ಲಿ ಹಮ್ ಬಹುಪಾಲು ಹೋಗುತ್ತೆ. ಟೇಪ್ ಉಪಯೋಗಕ್ಕೆ ಬರುವುದು ಚರಚರ ಅನ್ನೋ ಬಜ್‌ಗೆ; ಅದನ್ನೂ ಗ್ರೌಂಡಿಗೆ ಸೇರಿಸಿ, ಎರಡು ತುಂಡು ಕೂಡುವಲ್ಲಿ ಚುಕ್ಕೆ ಬೆಸುಗೆ ಹಾಕಿ, ಯಾಕಂದರೆ ಕೆಲವು ಟೇಪ್‌ಗಳ ಅಂಟು ವಿದ್ಯುತ್ ಹರಿಸಲ್ಲ.

ಇನ್ನೊಂದು: ಹಮ್ ಹೋಗಲಿ ಅಂತ ಆಂಪ್ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕಿತ್ತುಹಾಕಬೇಡಿ. ಆಂಪ್ ಒಳಗೆ ಏನಾದರೂ ಸೋರಿದರೆ ಆ ಕರೆಂಟ್ ತಂತಿಗೇ ಬರುತ್ತೆ, ಅಲ್ಲಿಂದ ನಿಮ್ಮ ಕೈಗೆ.