ಅಪ್‌ಡೇಟ್: ಹಳೆಯ ಯೆಜ್ಡಿಯ ಎಂಜಿನ್ ಸದ್ದಿಗೆ ಕಾರಣ ಸಿಕ್ಕಿತು

ಮೈಸೂರಿನಲ್ಲಿ ತಯಾರಾದ ನನ್ನ ಹಳೆಯ ಯೆಜ್ಡಿ ಬೈಕಿನ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ (ಆಕ್ಸಲರೇಟರ್ ಕೊಡದೆ ಓಡುವಾಗ) ಎಡಬದಿಯಿಂದ ಕಟಕಟ ಸದ್ದು ಬರುತ್ತಿದೆ, ಪಿಸ್ಟನ್ ಸವೆದಿರಬಹುದೇ ಎಂದು ಹೋದ ತಿಂಗಳು ಕೇಳಿದ್ದೆ. ಬೋರ್ ಮಾಡಿಸುವ (ಸಿಲಿಂಡರ್‌ನ ಒಳಗೋಡೆಯನ್ನು ಕೊರೆದು ಅಗಲಿಸುವ) ಮೊದಲು ಸದ್ದಿನ ಜಾಗವನ್ನು ಗುರುತಿಸಿ ಎಂದು ತಿಳಿಸಿದವರಿಗೆ ನಾನು ನಿಜಕ್ಕೂ ಋಣಿ.

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಮೊದಲು ಸಿಲಿಂಡರ್‌ಗೆ, ಆಮೇಲೆ ಕ್ಲಚ್ ಕವರ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಆಲಿಸಿದಾಗ, ಸಿಲಿಂಡರ್‌ನಲ್ಲಿ ಮಂದವಾಗಿದ್ದ ಸದ್ದು ಕವರ್‌ನಲ್ಲಿ ಸ್ಪಷ್ಟವಾಗಿ ಬಡಿಯುತ್ತಿತ್ತು. ಆಯಿಲ್ ಇಳಿಸಿ ಕವರ್ ತೆಗೆದು ನೋಡಿದರೆ, ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ನಿಂದ ಕ್ಲಚ್‌ಗೆ ಶಕ್ತಿಯನ್ನು ಒಯ್ಯುವ ಪ್ರೈಮರಿ ಚೈನ್ ಸವೆದು ಜೋತುಬಿದ್ದಿತ್ತು. ಅದು ಉಜ್ಜಿದ ಕಡೆ ಕವರ್‌ನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಗೆರೆ ಮೂಡಿತ್ತು.

ಚೈನ್ ಜೊತೆಗೆ ಹಲ್ಲು ಸವೆದಿದ್ದ ಸಣ್ಣ ಸ್ಪ್ರಾಕೆಟ್ಟನ್ನೂ ಬದಲಾಯಿಸಿ, ಹೊಸ ಆಯಿಲ್ ತುಂಬಿಸಿದ ಮೇಲೆ ಆ ಸದ್ದು ಪೂರ್ಣವಾಗಿ ನಿಂತಿದೆ. ಬೆಳಿಗ್ಗೆ ತಣ್ಣಗಿರುವಾಗ ಕೇಳಿಸಿ, ಎಂಜಿನ್ ಬಿಸಿಯಾದಂತೆ ಮರೆಯಾಗುವ ಪಿಸ್ಟನ್ನಿನ ಸಣ್ಣ ಸದ್ದು ಮಾತ್ರ ಉಳಿದಿದ್ದು, ಅದು ಹೆಚ್ಚಾಗುವ ತನಕ ಸಿಲಿಂಡರ್ ಬಿಚ್ಚಿಸುವುದಿಲ್ಲ.