ಒದೆ ತಿಂದದ್ದು ಯಾರ ಲೆಕ್ಕಕ್ಕೆ?

“ಅಪ್ಪ ನಿರ್ದೇಶಕ ಆದರೆ ಮಗ ಹೀರೋ ಆಗದೆ ಗುಮಾಸ್ತ ಆಗ್ತಾನಾ?” ಇದು ನಮ್ಮ ರಾಯರ ಹಳೇ ರಾಗ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿವೃತ್ತರಾದವರು. ಎಲ್ಲದರಲ್ಲೂ ಆಸ್ತಿ ಪಾಲೇ ಕಾಣುತ್ತದೆ.

“ಹೀರೋ ಆಗಬಹುದು ಸ್ವಾಮಿ, ಉಳಿಯಬೇಕಲ್ಲ?” ಅಂದರು ಮೇಷ್ಟ್ರು. “ವಿಲನ್ ಪಾತ್ರ ಮಾಡ್ತಿದ್ದ ನಟ ಆರ್.ಎನ್. ಸುದರ್ಶನ್ ಅವರನ್ನೇ ತಗೊಳ್ಳಿ. ಅಪ್ಪ ಆರ್. ನಾಗೇಂದ್ರರಾಯರು. ಕನ್ನಡ ಸಿನಿಮಾ ಮೊದಲು ಮಾತಾಡಿದ್ದು 1934ರ ‘ಸತಿ ಸುಲೋಚನ’ದಲ್ಲಿ. ಅದರಲ್ಲಿ ಅವರೇ ರಾವಣ. ಒಬ್ಬ ಅಣ್ಣ ಆರ್.ಎನ್.ಕೆ. ಪ್ರಸಾದ್, ಕ್ಯಾಮೆರಾ. ಇನ್ನೊಬ್ಬ ಅಣ್ಣ ಆರ್.ಎನ್. ಜಯಗೋಪಾಲ್, ಹಾಡು ಬರೆಯೋರು.”

“ಕ್ಯಾಮೆರಾ ಮುಂದೆ ನಿಲ್ಲೋಕೆ ಒಂದು ಆಳು ಕಮ್ಮಿ ಇತ್ತು ಅನ್ನಿ,” ಅಂದ ಪುಟ್ಟ.

“ಅದೂ 1961ರಲ್ಲಿ ಭರ್ತಿ ಆಯ್ತು. ‘ವಿಜಯನಗರದ ವೀರಪುತ್ರ’. ನಿರ್ದೇಶನ ಅಪ್ಪನದು, ಸಾಹಿತ್ಯ ಅಣ್ಣನದು, ವೀರಪುತ್ರ ಇವರು. ‘ಅಪಾರ ಕೀರ್ತಿ ಗಳಿಸಿ ಮೆರೆದ’ ಅದರದೇ ಹಾಡು. ನವೆಂಬರ್ ಬಂದರೆ ಬೀದಿ ಬೀದಿ ಮೈಕಲ್ಲಿ ಕೇಳ್ತೀವಲ್ಲ? ಆದರೆ ಜನ ನೆನೆಯೋದು ಹಾಡಿದ ಪಿ.ಬಿ. ಶ್ರೀನಿವಾಸ್ ಅವರನ್ನ. ಪರದೆ ಮೇಲೆ ಹೀರೋ ಯಾರು ಅಂತ ಕೇಳಿದರೆ ತಲೆ ಕೆರ್ಕೊಳ್ತಾರೆ.”

“ಪಾಪ,” ಎಂದೆ ನಾನು.

“ಪಾಪ ಯಾಕೆ? ಅವರಿಗೂ ಹಾಡೋಕೆ ಬರ್ತಿತ್ತು. ‘ಶುಭಮಂಗಳ’ದ ‘ಹೂವೊಂದು ಬೇಕು ಬಳ್ಳಿಗೆ’ ಅವರದೇ ದನಿ.”

ರಾಯರ ಕೋಡುಬಳೆ ಬಾಯಿಗೂ ಕೈಗೂ ನಡುವೆ ನಿಂತಿತು. “ಆ ವಿಲನ್ನಾ? ಸುಮ್ನಿರ್ರೀ!”

ಪುಟ್ಟ ಮೊಬೈಲಿನಲ್ಲಿ ಹಾಡು ಹಾಕಿಯೇಬಿಟ್ಟ. ಪಕ್ಕದ ಟೇಬಲ್ಲಿನವರೂ ಮಾತು ನಿಲ್ಲಿಸಿದರು. ಅಬ್ಬರವಿಲ್ಲ, ಸರ್ಕಸ್ಸಿಲ್ಲ. ಮನೆಯಲ್ಲಿ ಯಾರೋ ತಮ್ಮ ಪಾಡಿಗೆ ತಾವು ಹಾಡಿಕೊಂಡ ಹಾಗಿದೆ.

“ಇಂಥವರ ಕೈಗೆ ಚಾಕು ಕೊಟ್ಟೋರು ಯಾರ್ರೀ?” ರಾಯರಿಗೆ ನಿಜಕ್ಕೂ ಬೇಜಾರಾಗಿತ್ತು.

“ಇನ್ನೂ ಕೇಳಿ. ‘ನಗುವ ಹೂವು’ ಅಂತ ಒಂದು ಚಿತ್ರ. ಕಥೆ ಹೆಂಡತಿ ಶೈಲಶ್ರೀ ಅವರದು. ನಿರ್ದೇಶನ ಕ್ಯಾಮೆರಾ ಅಣ್ಣನದು. ಗಂಡ ಹೆಂಡತಿ ಇಬ್ಬರೂ ನಟಿಸಿದರು. ‘ಇರಬೇಕು ಇರಬೇಕು’ ಹಾಡನ್ನ ಇವರೇ ಹಾಡಿದರು. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.”

“ನೋಡಿದ್ರಾ! ಅಲ್ಲೂ ಮನೆಯವರೇ!” ರಾಯರು ಮೇಜು ಕುಟ್ಟಿದರು. ಲೋಟದ ಕಾಫಿ ನನ್ನ ಪಂಚೆಗೆ ಬಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

“ಸರಿ, ಆಮೇಲೆ? ವಿಲನ್ ಪಾತ್ರ, ಪೋಷಕ ಪಾತ್ರ ಕೊಟ್ಟೋರೆಲ್ಲ ಹೊರಗಿನವರು. ತಮಿಳು, ತೆಲುಗಿಗೂ ಹೋದರು. ಇವರ ಅಪ್ಪ ಯಾರು ಅಂತ ನೋಡಿ ಅಲ್ಲಿ ಯಾರು ಕರೀತಾರೆ? ಆ ಗಡಸು ಮುಖ ನೋಡಿ ಕರೆದರು. 2017ರಲ್ಲಿ ತೀರಿಕೊಂಡಾಗಲೂ ‘ಹಿರಿಯ ಖಳನಟ’ ಅಂತಲೇ ಎಷ್ಟೋ ಜನ ನೆನೆದರು.”

ರಾಯರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಪತ್ರ ನೋಂದಣಿಗೆ ಬಂದಿದೆಯೇನೋ ಅನ್ನುವ ಗಾಂಭೀರ್ಯ.

“ಸರಿ ಮೇಷ್ಟ್ರೇ, ಒಪ್ಪಿದೆ. ಹೀರೋ ಪಾತ್ರ ಪಿತ್ರಾರ್ಜಿತ. ಕ್ಲೈಮ್ಯಾಕ್ಸಿನಲ್ಲಿ ತಿಂದ ಒದೆಯೆಲ್ಲ ಸ್ವಯಾರ್ಜಿತ!”