ಸಹಾಯ ಬೇಕು: ಕೊಟೇಶನ್‌ನಾಗ ‘ಓವರ್‌ಹಾಲ್’ ಬರೀಬೇಕೋ ‘ರೀಬಿಲ್ಡ್’ ಬರೀಬೇಕೋ?

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಗೋಕುಲ ರೋಡಿನಾಗ ನಮ್ಮ ಅಣ್ಣಂದು ಡೀಸೆಲ್ ಎಂಜಿನ್ ಗ್ಯಾರೇಜ್ ಐತಿ. ಹೊರರಾಜ್ಯದ ಗಿರಾಕಿಗೆ ಇಂಗ್ಲಿಷಿನಾಗ ಕೊಟೇಶನ್ ಕಳಸಬೇಕು. ಎಂಜಿನ್ ಪೂರ್ತಿ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ (ಒಳಗಿನ ತೂತು ಕೊರದು ಸ್ವಲ್ಪ ದೊಡ್ಡದು ಮಾಡಿಸಿ), ಅದಕ್ಕ ಹೊಂದೂ ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು, ಬೇರಿಂಗ್ ಹಾಕಿ, ಕ್ರ್ಯಾಂಕ್‌ಶಾಫ್ಟ್ ಗ್ರೈಂಡ್ ಮಾಡಿಸಿ (ಸವದ ಜಾಗ ಉಜ್ಜಿ ಸಮ ಮಾಡಿಸಿ) ಮತ್ತ ಜೋಡಸ್ತೇವಿ. ಇದನ್ನ ಬರೇ ‘ರಿಪೇರಿ’ ಅಂದ್ರ ಕೆಲಸದ ಕಿಮ್ಮತ್ತು ಕಾಣೂದಿಲ್ಲ. ‘ರಿನೋವೇಶನ್’ ಮನಿ, ಕಟ್ಟಡಕ್ಕ ಹೊಂದತೈತಿ. ‘ರೀಸ್ಟೋರ್’ ಅಂದ್ರ ಹಳೇ ಗಾಡಿ ಮೊದಲಿದ್ದಂಗ ಮಾಡೂದು. ಅವೆರಡೂ ಬ್ಯಾಡ.

‘ರೀಬಿಲ್ಡ್’ ಅಂತ ಬರದ್ರ ಎಲ್ಲಾ ಭಾಗಾನೂ ಹೊಸಾವು ಅಂತ ಗಿರಾಕಿ ತಿಳಕೋತಾರೇನ್ರಿ? ಆಮ್ಯಾಲೆ ತಕರಾರು ಬರಬಾರ್ದು, ಅಣ್ಣನ ಮಾತಿಗೆ ಬೆಲಿ ಐತಿ. ಮಶೀನ್ ಶಾಪಿನಾಗ ಇಂಥಾ ಬಿಲ್ ಬರದು ರೂಢಿ ಇದ್ದವರು ದಯವಿಟ್ಟು ತಿಳಸ್ರಿ. ನಾಳೆ ಸಂಜಿ ಒಳಗ ಕಳಸಬೇಕು.